ಟೆಲಿಸ್ಕೋಪಾ, ರಾಕೆಟ್ಟಾ, ಶ್ರೀಹರಿಕೋಟಾನಾ? ಚಂದ್ರನ ಹುಚ್ಚು ಹಿಡಿದ ಮಕ್ಕಳಿಗೆ ಯಾವುದು ಸರಿ

ಚಂದ್ರಯಾನ-3 ಇಳಿದ ಮೇಲೆ ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆಯ ತಂದೆ-ತಾಯಿಗಳು ನನ್ನನ್ನು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. "ಸರ, ಟೆಲಿಸ್ಕೋಪ್ ಕೊಡಸ್ಲೋ, ರಾಕೆಟ್ ಕಿಟ್ ತರಸ್ಲೋ?" ಸ್ವಲ್ಪ ಅನುಕೂಲ ಇದ್ದವರು "ಶ್ರೀಹರಿಕೋಟಾಕ್ಕೇ ಕರ್ಕೊಂಡು ಹೋದ್ರ ಹೆಂಗ?" ಅನ್ನುತ್ತಾರೆ. ಸರ್ಕಾರಿ ಶಾಲೆಯ ಮೇಷ್ಟ್ರ ಪ್ರಶ್ನೆ ಬೇರೆ. ನಲವತ್ತು ಮಕ್ಕಳು, ದುಡ್ಡಿಲ್ಲ, ರಾತ್ರಿ ಹೊತ್ತು ಮಕ್ಕಳನ್ನು ಶಾಲೆಯಲ್ಲಿ ಇಟ್ಟುಕೊಳ್ಳುವ ಹಾಗೂ ಇಲ್ಲ. ಅವರಿಗೆ ಏನು ಹೇಳುವುದು?

ಇವರೆಲ್ಲರಿಗೂ ಒಂದೇ ಉತ್ತರ ಕೊಡಲು ಬರುವುದಿಲ್ಲ. ಆದರೆ ಒಂದು ಮಾತು ಎಲ್ಲರಿಗೂ ಹೇಳುತ್ತೇನೆ. ಬೆಲೆ ನೋಡಿ ಆರಿಸಬೇಡಿ, ಎತ್ತರ ನೋಡಿ ಆರಿಸಬೇಡಿ. ಮಗು ಅದನ್ನು ತನ್ನ ಕೈಯಾರೆ ಎಷ್ಟು ಸಲ ಮಾಡಬಹುದು, ಪ್ರತಿ ಸಲ ಏನಾದರೂ ಒಂದನ್ನು ಬದಲಾಯಿಸಿ ನೋಡಬಹುದಾ ಅಂತ ನೋಡಿ. ಒಂದೇ ಸಲ ಢಂ ಅಂತ ಹಾರಿ ಮುಗಿದುಹೋಗುವುದು ತಮಾಷೆ. ನಿನ್ನೆ ಯಾಕೆ ಹಾಗಾಯ್ತು, ಇವತ್ತು ಯಾಕೆ ಹೀಗಾಯ್ತು ಅಂತ ಕೇಳಲು ಜಾಗ ಕೊಡುವುದು ಬೇರೆ.

ಯಾವುದರಿಂದ ಅಳೆಯುವುದು

ನನ್ನ ಮೊದಲ ಅಳತೆ ಅದೇ, ಮತ್ತೆ ಮತ್ತೆ ಮಾಡಲು ಬರಬೇಕು. ಎರಡನೆಯದು, ಕೆಲಸ ಯಾರ ಕೈಯಲ್ಲಿ ಆಗುತ್ತದೆ ಅನ್ನುವುದು. ಅಪ್ಪ ಮಾಡಿ ಮಗ ಚಪ್ಪಾಳೆ ತಟ್ಟುವ ಪ್ರಯೋಗಗಳು ಜಾಸ್ತಿ ಇವೆ. ಮೂರನೆಯದು ಖರ್ಚು. ಆದರೆ ಒಟ್ಟು ಖರ್ಚಲ್ಲ, ತಲೆಗೆ ಎಷ್ಟು ಬೀಳುತ್ತದೆ ಅನ್ನುವ ಲೆಕ್ಕ.

ನಾಲ್ಕನೆಯದನ್ನು ಇಂಟರ್ನೆಟ್ಟಿನ ವಿಡಿಯೊಗಳು ಹೇಳುವುದಿಲ್ಲ. ಅದು ನಮ್ಮ ಹವೆ, ನಮ್ಮ ಜಾಗ. ಇದು ಮಳೆ ಕಮ್ಮಿ ಬೀಳುವ ಸೀಮೆ. ಕಾರ್ತಿಕದಿಂದ ಶಿವರಾತ್ರಿವರೆಗೆ ಆಕಾಶ ಚೆನ್ನಾಗಿರುತ್ತದೆ. ಏಪ್ರಿಲ್-ಮೇನಲ್ಲಿ ಹಗಲು 40 ಡಿಗ್ರಿ ದಾಟುತ್ತದೆ, ಮಕ್ಕಳನ್ನು ಮೈದಾನಕ್ಕೆ ಬಿಡುವ ಹಾಗಿಲ್ಲ. ಆದರೆ ರಾತ್ರಿ ಅರ್ಧ ಊರು ಮಾಳಿಗೆ ಮೇಲೆ ಮಲಗಿರುತ್ತದೆ. ಚಂದ್ರನನ್ನು ನೋಡಲು ಅದಕ್ಕಿಂತ ಒಳ್ಳೆ ಕಾಲ ಇಲ್ಲ. ಆಷಾಢದ ಗಾಳಿಯಲ್ಲಿ ಯಾವ ರಾಕೆಟ್ಟೂ ನೆಟ್ಟಗೆ ಹೋಗುವುದಿಲ್ಲ. ಸಿಂಧನೂರು, ಗಂಗಾವತಿ ಕಡೆ ಕಾಲುವೆ ನೀರು ಬಿಟ್ಟಾಗ ಸುತ್ತ ಬರೀ ಗದ್ದೆ, ಹಾರಿಸಲು ಒಣ ನೆಲ ಶಾಲೆಯ ಅಂಗಳ ಒಂದೇ. ಎರೆ ಹೊಲದ ಕಡೆ ಜೋಳ ಕೊಯ್ದ ಮೇಲೆ ಬೇಕಾದಷ್ಟು ಬಯಲು ಸಿಗುತ್ತದೆ. ಕೂಳೆ ಕಾಲಿಗೆ ಚುಚ್ಚುತ್ತದೆ, ಚಪ್ಪಲಿ ಸಾಲದು, ಬೂಟು ಬೇಕು. ಪಂಪ್‌ಸೆಟ್ಟಿನ ಕರೆಂಟ್ ತಂತಿ ಎಲ್ಲಿ ಹಾದಿದೆ ಅಂತ ಮೊದಲು ನೋಡಿಕೊಳ್ಳಬೇಕು.

ಐದನೆಯದು ಅಪಾಯ. ಅದನ್ನು ಆಯಾ ಜಾಗದಲ್ಲೇ ಹೇಳುತ್ತೇನೆ.

ಖರ್ಚಿಲ್ಲದ ದಾರಿ: ಕ್ಯಾಲೆಂಡರ್ ಮತ್ತು ಬರಿಗಣ್ಣು

ಇದನ್ನು ಹೇಳಿದರೆ ಜನರಿಗೆ ಸ್ವಲ್ಪ ಬೇಜಾರಾಗುತ್ತದೆ. ಏನೋ ದೊಡ್ಡದು ಹೇಳುತ್ತಾನೆ ಅಂದುಕೊಂಡರೆ ಗೋಡೆಯ ಕ್ಯಾಲೆಂಡರ್ ತೋರಿಸುತ್ತಾನಲ್ಲ ಅಂತ. ಆದರೆ ನಮ್ಮ ಕ್ಯಾಲೆಂಡರಿನಲ್ಲಿ ಚಂದ್ರನ ಪೂರ್ತಿ ಲೆಕ್ಕ ಇದೆ, ನಾವು ಅದನ್ನು ಹಬ್ಬಕ್ಕೆ, ಮುಹೂರ್ತಕ್ಕೆ ಮಾತ್ರ ಬಳಸುತ್ತೇವೆ.

ತಿಥಿ ಅಂದರೆ ಸೂರ್ಯನಿಂದ ಚಂದ್ರ 12 ಡಿಗ್ರಿ ಮುಂದೆ ಸರಿಯಲು ಹಿಡಿಯುವ ಕಾಲ. ಅಂಥ 30 ತಿಥಿ ಸೇರಿದರೆ 360 ಡಿಗ್ರಿ, ಒಂದು ಸುತ್ತು. ಅದಕ್ಕೆ ಸುಮಾರು ಇಪ್ಪತ್ತೊಂಬತ್ತೂವರೆ ದಿನ ಬೇಕು. ಶುಕ್ಲ ಅಷ್ಟಮಿಯ ಸುಮಾರಿಗೆ ಚಂದ್ರ ಸೂರ್ಯನಿಂದ 90 ಡಿಗ್ರಿ ದೂರ ಇರುತ್ತಾನೆ, ಅದಕ್ಕೇ ಅರ್ಧ ಕಾಣುತ್ತಾನೆ. ಹುಣ್ಣಿಮೆಗೆ ಸೂರ್ಯನ ಎದುರಿಗೆ ಬಂದು ನಿಲ್ಲುತ್ತಾನೆ. ಆವತ್ತು ಸೂರ್ಯ ಮುಳುಗುವ ಹೊತ್ತಿಗೇ ಪೂರ್ವದಲ್ಲಿ ಚಂದ್ರ ಏಳುತ್ತಾನೆ. ಕ್ಯಾಲೆಂಡರಿನಲ್ಲಿ ತಿಥಿಯ ಪಕ್ಕದಲ್ಲೇ ಇರುವ ನಕ್ಷತ್ರವೂ ಸುಮ್ನೆ ಬರೆದದ್ದಲ್ಲ. 27 ನಕ್ಷತ್ರಗಳಲ್ಲಿ ಚಂದ್ರ ದಿನಕ್ಕೆ ಸುಮಾರು ಒಂದನ್ನು ದಾಟುತ್ತಾನೆ. ರೋಹಿಣಿ ಅಂತ ಬರೆದ ದಿನ ರಾತ್ರಿ ಚಂದ್ರನ ಹತ್ತಿರ ಕೆಂಪಗೆ ಹೊಳೆಯುವ ಒಂದು ನಕ್ಷತ್ರ ಇದೆಯಾ ಅಂತ ಮಗುವೇ ಹುಡುಕಲಿ.

ಮಾಡುವುದು ಇಷ್ಟೆ. ಒಂದು ನೋಟ್‌ಬುಕ್, ದಿನಾ ಒಂದೇ ಹೊತ್ತು, ಒಂದೇ ಜಾಗ. ಚಂದ್ರನ ಆಕಾರ ಬರೆಯಬೇಕು. ಎದುರು ಮನೆಯ ನೀರಿನ ಟ್ಯಾಂಕಿನಿಂದ ಎಷ್ಟು ದೂರ ಇದ್ದಾನೆ ಅಂತ ಮುಷ್ಟಿಯಿಂದ ಅಳೆಯಬೇಕು. ಕೈ ನೀಟಾಗಿ ಚಾಚಿ ಹಿಡಿದ ಮುಷ್ಟಿ ಸುಮಾರು 10 ಡಿಗ್ರಿ. ಮರುದಿನ ಅದೇ ಹೊತ್ತಿಗೆ ಚಂದ್ರ ಒಂದು ಮುಷ್ಟಿಗಿಂತ ಸ್ವಲ್ಪ ಜಾಸ್ತಿ ಪೂರ್ವಕ್ಕೆ ಸರಿದಿರುತ್ತಾನೆ. ಅದಕ್ಕೇ ಅವನು ದಿನಾ ಸರಾಸರಿ 50 ನಿಮಿಷ ತಡವಾಗಿ ಏಳುತ್ತಾನೆ.

ರಾತ್ರಿ ಮಕ್ಕಳನ್ನು ಇಟ್ಟುಕೊಳ್ಳಲಾಗದ ಮೇಷ್ಟ್ರಿಗೂ ಇದರಲ್ಲೇ ದಾರಿ ಇದೆ. ಚಂದ್ರ ಹಗಲಲ್ಲೂ ಕಾಣುತ್ತಾನೆ, ಅಲ್ವಾ? ಹುಣ್ಣಿಮೆಯಾಗಿ ಒಂದು ವಾರಕ್ಕೆ, ಬಹುಳ ಅಷ್ಟಮಿ ಸುಮಾರಿಗೆ, ಬೆಳಿಗ್ಗೆ ಪ್ರಾರ್ಥನೆಯ ಹೊತ್ತಿಗೆ ಅರ್ಧ ಚಂದ್ರ ಪಶ್ಚಿಮದ ಆಕಾಶದಲ್ಲಿ ಇರುತ್ತಾನೆ. ಶುಕ್ಲ ಅಷ್ಟಮಿಗೆ ಶಾಲೆ ಬಿಡುವ ಹೊತ್ತಿಗೆ ಪೂರ್ವದ ಕಡೆ ಇರುತ್ತಾನೆ. ಆಗ ಪ್ರತಿ ಮಗುವಿಗೂ ಒಂದು ಚೆಂಡು ಕೊಡಿ, ಬಿಳಿ ಬಣ್ಣದ್ದಾದರೆ ಒಳ್ಳೆಯದು. ಬಿಸಿಲಲ್ಲಿ ನಿಂತು ಚೆಂಡನ್ನು ಚಂದ್ರನ ಪಕ್ಕಕ್ಕೆ ಬರುವ ಹಾಗೆ ಎತ್ತಿ ಹಿಡಿಯಲಿ. ಚೆಂಡಿನ ಎಷ್ಟು ಭಾಗಕ್ಕೆ ಬೆಳಕು ಬಿದ್ದಿದೆಯೋ ಚಂದ್ರನೂ ಅಷ್ಟೇ ಬೆಳಗಿರುತ್ತಾನೆ, ಅದೇ ಕಡೆಗೆ. ಭೂಮಿಯ ನೆರಳು ಬಿದ್ದು ಚಂದ್ರ ಸಣ್ಣಗಾಗುತ್ತಾನೆ ಅಂತ ನಂಬಿದ ಮಕ್ಕಳು, ದೊಡ್ಡವರೂ, ಬಹಳ. ಆ ತಪ್ಪು ಇಲ್ಲಿ ಪಾಠ ಇಲ್ಲದೆ ಹೋಗುತ್ತದೆ. ಇಡೀ ತರಗತಿಗೆ ಹತ್ತು ನಿಮಿಷ ಸಾಕು. ಒಂದೇ ಎಚ್ಚರಿಕೆ, ಚಂದ್ರನನ್ನು ಹುಡುಕುವಾಗ ಸೂರ್ಯನ ಕಡೆ ನೇರ ನೋಡಬಾರದು.

ಇದರ ಜೊತೆಗೆ ದೂರದ ಆಟವನ್ನೂ ಸೇರಿಸಿ. ಫುಟ್‌ಬಾಲ್ ಭೂಮಿಯಾದರೆ ಟೆನಿಸ್ ಚೆಂಡು ಹೆಚ್ಚುಕಡಿಮೆ ಚಂದ್ರ. ಇವೆರಡನ್ನೂ ಎಷ್ಟು ದೂರ ಇಡಬೇಕು ಅಂತ ಕೇಳಿದರೆ ಮಕ್ಕಳು ಒಂದು ಮೊಳ ತೋರಿಸುತ್ತಾರೆ. ನಿಜವಾದ ದೂರ ಭೂಮಿಯ ಅಗಲದ 30 ಪಟ್ಟು, ಅಂದರೆ ಆರೂವರೆ ಮೀಟರ್. ತರಗತಿಯ ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ. 3,84,400 ಕಿಲೋಮೀಟರ್ ಅಂತ ಬಾಯಿಪಾಠ ಮಾಡಿದ್ದು ಆಗ ಅರ್ಥ ಆಗುತ್ತದೆ.

ಕೊರತೆ ಏನು? ತಾಳ್ಮೆ ಬೇಕು. ಎಂಟು ವರ್ಷದೊಳಗಿನ ಮಕ್ಕಳು ನಾಲ್ಕನೇ ದಿನಕ್ಕೆ ನೋಟ್‌ಬುಕ್ ಬಿಡುತ್ತಾರೆ. ಮನೆಯಲ್ಲಿ ಅಜ್ಜಿಯೋ ಅಮ್ಮನೋ ಜೊತೆಗೆ ಕೂತರೆ ಮಾತ್ರ ತಿಂಗಳು ತುಂಬುತ್ತದೆ.

ಪರಾತದಲ್ಲಿ ಕುಳಿ

ಚಿಕ್ಕ ಮಕ್ಕಳಿಗೆ ನನ್ನ ಆಯ್ಕೆ ಇದು. ಒಂದು ದೊಡ್ಡ ಪರಾತ ಅಥವಾ ಬುಟ್ಟಿ, ಅದರಲ್ಲಿ ನಾಲ್ಕು ಬೆರಳಷ್ಟು ಜರಡಿ ಹಿಡಿದ ಮರಳೋ ಬೂದಿಯೋ. ಮೇಲೆ ತೆಳ್ಳಗೆ ಬೇರೆ ಬಣ್ಣದ ಪುಡಿ ಉದುರಿಸಬೇಕು. ರಂಗೋಲಿ ಪುಡಿ ಆಗುತ್ತದೆ, ಸಂಡೂರಿನ ಕೆಂಪು ಮಣ್ಣು ಸಿಕ್ಕರೆ ಇನ್ನೂ ಚೆಂದ. ಗೋಲಿಯನ್ನು ಒಂದು ಅಡಿಯಿಂದ, ಎರಡು ಅಡಿಯಿಂದ, ಮೂರು ಅಡಿಯಿಂದ ಬಿಟ್ಟು ಕುಳಿಯ ಅಗಲ ಸ್ಕೇಲಿನಿಂದ ಅಳೆಯಬೇಕು. ಒಳಗಿನ ಪುಡಿ ಸುತ್ತ ಗೆರೆಗೆರೆಯಾಗಿ ಚಿಮ್ಮಿರುತ್ತದೆ. ಹುಣ್ಣಿಮೆ ಚಂದ್ರನ ಕೆಳಭಾಗದಲ್ಲಿರುವ ಟೈಕೋ ಕುಳಿಯ ಸುತ್ತ ಇಂಥದ್ದೇ ಬಿಳಿ ಗೆರೆಗಳಿವೆ, ಬೈನಾಕ್ಯುಲರಿನಲ್ಲಿ ಚೆನ್ನಾಗಿ ಕಾಣುತ್ತವೆ.

ಈ ಪ್ರಯೋಗ ಒಂದು ಕಡೆ ದಾರಿ ತಪ್ಪಿಸುತ್ತದೆ, ಅದನ್ನು ಮಕ್ಕಳಿಗೆ ಹೇಳಬೇಕು. ಗೋಲಿಯನ್ನು ಓರೆಯಾಗಿ ಎಸೆದರೆ ಪರಾತದಲ್ಲಿ ಉದ್ದನೆಯ ಗುರುತು ಬೀಳುತ್ತದೆ. ಚಂದ್ರನ ಮೇಲೆ ಓರೆಯಾಗಿ ಬಂದು ಬಿದ್ದ ಕಲ್ಲುಗಳೂ ಬಹುಪಾಲು ದುಂಡನೆಯ ಕುಳಿಯನ್ನೇ ಮಾಡಿವೆ. ಅವು ಸೆಕೆಂಡಿಗೆ ಹತ್ತಾರು ಕಿಲೋಮೀಟರ್ ವೇಗದಲ್ಲಿ ಬರುತ್ತವೆ, ಬಿದ್ದ ಜಾಗದಲ್ಲಿ ಸ್ಫೋಟವೇ ಆಗುತ್ತದೆ. ಸ್ಫೋಟಕ್ಕೆ ಎಲ್ಲ ದಿಕ್ಕೂ ಒಂದೇ.

ಬಳ್ಳಾರಿ ಮಕ್ಕಳಿಗೆ ಹೇಳಲು ಇನ್ನೊಂದಿದೆ. ಪಕ್ಕದ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಹತ್ತಿರ ಉಳ್ಳಾರ್ತಿ ಕಾವಲಿನಲ್ಲಿ ಇಸ್ರೋದವರು ನೆಲ ತೋಡಿ ಚಂದ್ರನ ಥರದ ಕುಳಿಗಳನ್ನೇ ಮಾಡಿದ್ದರು. ಲ್ಯಾಂಡರಿನ, ಅಂದರೆ ಚಂದ್ರನ ಮೇಲೆ ಇಳಿಯುವ ಯಂತ್ರದ, ಕಣ್ಣುಗಳು ಕುಳಿಯನ್ನು ಗುರುತು ಹಿಡಿಯುತ್ತವೋ ಇಲ್ಲವೋ ಅಂತ ಮೇಲಿಂದ ಹಾರಿ ಪರೀಕ್ಷೆ ಮಾಡಲು. ಅವರ ಪರಾತ ಸ್ವಲ್ಪ ದೊಡ್ಡದು, ಅಷ್ಟೆ.

ಟೆಲಿಸ್ಕೋಪ್ ಬೇಕಾ?

ಹತ್ತಿರತ್ತಿರ ಎಲ್ಲರೂ ಮೊದಲು ಕೇಳುವುದು ಇದನ್ನೇ. ನಾನು ಕೊನೆಗೆ ಕೊಳ್ಳಿ ಅನ್ನುವುದೂ ಇದನ್ನೇ.

ಎರಡು-ಮೂರು ಸಾವಿರದ ಟೆಲಿಸ್ಕೋಪುಗಳ ಡಬ್ಬಿಯ ಮೇಲೆ ದೊಡ್ಡ ದೊಡ್ಡ ನಂಬರ್ ಇರುತ್ತದೆ, ಐನೂರು ಪಟ್ಟು ದೊಡ್ಡದು ಮಾಡುತ್ತದೆ ಅಂತ. ನಂಬಬೇಡಿ. ಮುಂದಿನ ಮಸೂರದ ಅಗಲ ಎಷ್ಟು ಮಿಲಿಮೀಟರೋ ಅದರ ಎರಡು ಪಟ್ಟಿಗಿಂತ ಜಾಸ್ತಿ ದೊಡ್ಡದು ಮಾಡಿ ಉಪಯೋಗವಿಲ್ಲ, ಮಬ್ಬಾಗುತ್ತದೆ. 70 ಮಿಲಿಮೀಟರಿನದ್ದಕ್ಕೆ 140 ಪಟ್ಟೇ ಮಿತಿ. ಅದಕ್ಕಿಂತ ದೊಡ್ಡ ತೊಂದರೆ ಸ್ಟ್ಯಾಂಡಿನದ್ದು. ಅಗ್ಗದ ಸ್ಟ್ಯಾಂಡ್ ಮುಟ್ಟಿದರೆ ನಡುಗುತ್ತದೆ, ಚಂದ್ರ ಕಣ್ಣಿಗೆ ಸಿಗುವ ಹೊತ್ತಿಗೆ ಜಾರಿಹೋಗಿರುತ್ತಾನೆ. ಸ್ಟ್ಯಾಂಡ್ ಗಟ್ಟಿಯಿದ್ದರೂ ಭೂಮಿ ತಿರುಗುತ್ತಲೇ ಇರುತ್ತದೆ. ಜಾಸ್ತಿ ದೊಡ್ಡದು ಮಾಡಿದಾಗ ಎರಡೇ ನಿಮಿಷಕ್ಕೆ ಚಂದ್ರ ನೋಟದಿಂದ ಹೊರಗೆ. ನಲವತ್ತು ಮಕ್ಕಳ ಸಾಲು ನಿಂತರೆ ಒಬ್ಬೊಬ್ಬರಿಗೂ ಮತ್ತೆ ಸರಿಪಡಿಸುತ್ತ ಕೂರಬೇಕು. ಶಾಲೆಗೆ ಒಂದೇ ಟೆಲಿಸ್ಕೋಪ್ ತಂದರೆ ಅದು ಮೇಷ್ಟ್ರ ಆಟಿಕೆಯಾಗಿ ಕೊನೆಗೆ ಬೀರು ಸೇರುವುದೇ ಜಾಸ್ತಿ.

ಅದಕ್ಕಿಂತ ಸ್ವಲ್ಪ ಜಾಸ್ತಿ ದುಡ್ಡಿಗೆ, ಮೂರರಿಂದ ಆರು ಸಾವಿರದೊಳಗೆ, 7x50 ಅಥವಾ 10x50 ಬೈನಾಕ್ಯುಲರ್ ಬರುತ್ತದೆ. ಇದರಲ್ಲಿ ಮೊದಲ ನಂಬರ್ ಎಷ್ಟು ಪಟ್ಟು ಅನ್ನುವುದು, ಎರಡನೆಯದು ಮಸೂರದ ಅಗಲ. ಹೊರಸಿನ ಮೇಲೆ ಅಂಗಾತ ಮಲಗಿ, ಮೊಳಕೈಗೆ ದಿಂಬು ಕೊಟ್ಟು ಹಿಡಿದರೆ ಸ್ಟ್ಯಾಂಡೇ ಬೇಡ. ಚಂದ್ರನ ಕಪ್ಪು ಬಯಲುಗಳು, ಟೈಕೋ, 93 ಕಿಲೋಮೀಟರ್ ಅಗಲದ ಕೋಪರ್ನಿಕಸ್ ಕುಳಿ, ಎಲ್ಲ ಗೊತ್ತಾಗುತ್ತವೆ. ಚಂದ್ರ ಬೇಜಾರಾದ ದಿನ ತುಂಗಭದ್ರೆಯ ಹಿನ್ನೀರಿನ ಹಕ್ಕಿ ನೋಡಬಹುದು. ಟೆಲಿಸ್ಕೋಪಿಗೆ ಆ ಗುಣ ಇಲ್ಲ.

ಹಾಗಾದರೆ ಟೆಲಿಸ್ಕೋಪ್ ಯಾರಿಗೆ? ತಿಂಗಳ ನೋಟ್‌ಬುಕ್ ತಾನಾಗಿ ಮುಗಿಸಿ, ಬೈನಾಕ್ಯುಲರಿನಲ್ಲಿ ಕುಳಿಗಳ ಹೆಸರು ಕಲಿತು, "ಇನ್ನೂ ಹತ್ತಿರ ನೋಡಬೇಕು" ಅನ್ನುವ ಹನ್ನೆರಡು ವರ್ಷ ದಾಟಿದ ಹುಡುಗ-ಹುಡುಗಿಗೆ. ಆಗ ಕನಿಷ್ಠ 70 ಮಿಲಿಮೀಟರ್, ಸಾಧ್ಯವಾದರೆ 100ರ ಮೇಲಿನದ್ದು ನೋಡಿ. ಎಂಟು ಸಾವಿರದಿಂದ ಹದಿನೈದು ಸಾವಿರದ ಆಸುಪಾಸು ಆಗುತ್ತದೆ. ಮಸೂರಕ್ಕಿಂತ ಸ್ಟ್ಯಾಂಡಿಗೆ ಜಾಸ್ತಿ ಗಮನ ಕೊಡಿ. ನಮ್ಮ ಧೂಳಿಗೆ ಗಟ್ಟಿ ಮುಚ್ಚಳದ ಪೆಟ್ಟಿಗೆಯೂ ಬೇಕು.

ತಂದ ಮೇಲೆ ಹುಣ್ಣಿಮೆ ದಿನ ನೋಡಬೇಡಿ. ಹುಣ್ಣಿಮೆಗೆ ಬಿಸಿಲು ಚಂದ್ರನ ಮೇಲೆ ನೇರ ಬೀಳುವುದರಿಂದ ನೆರಳೇ ಇರುವುದಿಲ್ಲ, ಕುಳಿಗಳು ಚಪ್ಪಟೆಯಾಗಿ ಕಾಣುತ್ತವೆ. ಶುಕ್ಲ ಪಂಚಮಿಯಿಂದ ದಶಮಿವರೆಗೆ ನೋಡಬೇಕು. ಬೆಳಕು ಕತ್ತಲೆ ಸೇರುವ ಗೆರೆಯ ಮೇಲೆ ಆಗ ಸೂರ್ಯೋದಯ ನಡೆದಿರುತ್ತದೆ, ಗುಡ್ಡಗಳ ನೆರಳು ಉದ್ದುದ್ದ ಬೀಳುತ್ತದೆ. ಇಸ್ರೋ ಇಳಿಯುವ ದಿನ ಆರಿಸಿದ್ದರಲ್ಲೂ ಇದೇ ಲೆಕ್ಕ ಇತ್ತು. 2023ರಲ್ಲಿ ನಾಗರ ಪಂಚಮಿ ಆಗಸ್ಟ್ 21ಕ್ಕೆ ಬಂದಿತ್ತು. ಚಂದ್ರಯಾನ-3ರ ಲ್ಯಾಂಡರ್ ವಿಕ್ರಮ್ ಇಳಿದದ್ದು ಆಗಸ್ಟ್ 23ರ ಸಂಜೆ 6 ಗಂಟೆ 4 ನಿಮಿಷಕ್ಕೆ. ಇಳಿಯುವ ಜಾಗದಲ್ಲಿ ಆಗಷ್ಟೇ ಬೆಳಗಾಗಿತ್ತು. ಚಂದ್ರನ ಒಂದು ಹಗಲು ನಮ್ಮ ಸುಮಾರು 14 ದಿನ, ಬಿಸಿಲಿಂದ ಓಡುವ ಯಂತ್ರಕ್ಕೆ ಅಷ್ಟೂ ದಿನ ಸಿಗಬೇಕಲ್ಲ.

ಮಕ್ಕಳು ಕೇಳೇ ಕೇಳುತ್ತಾರೆ, ವಿಕ್ರಮ್ ಕಾಣುತ್ತದಾ ಅಂತ. ಕಾಣುವುದಿಲ್ಲ. 100 ಮಿಲಿಮೀಟರ್ ಟೆಲಿಸ್ಕೋಪಿಗೆ ಚಂದ್ರನ ಮೇಲೆ ಎರಡು ಕಿಲೋಮೀಟರಿಗಿಂತ ಸಣ್ಣದು ಬಿಡಿಯಾಗಿ ತಿಳಿಯುವುದಿಲ್ಲ. ವಿಕ್ರಮ್ ಒಂದು ಆಟೋದಷ್ಟು. ಈ ಮಾತನ್ನು ಕೊಳ್ಳುವ ಮೊದಲೇ ಹೇಳಿಬಿಡಿ. ಇನ್ನೊಂದು ಮಾತು ಹೇಳಲೇಬೇಕು. ಟೆಲಿಸ್ಕೋಪ್, ಬೈನಾಕ್ಯುಲರ್ ಎರಡನ್ನೂ ಹಗಲಲ್ಲಿ ಮಕ್ಕಳ ಕೈಗೆ ಒಂಟಿಯಾಗಿ ಕೊಡಬಾರದು. ಒಂದು ಕ್ಷಣ ಸೂರ್ಯನ ಕಡೆ ತಿರುಗಿದರೆ ಕಣ್ಣು ಹೋಗುತ್ತದೆ.

ರಾಕೆಟ್ಟುಗಳು

ಇಲ್ಲಿ ಆಯ್ಕೆ ಜಾಸ್ತಿ, ಗೊಂದಲವೂ ಜಾಸ್ತಿ.

ಎಲ್ಲಕ್ಕಿಂತ ಅಗ್ಗದ್ದು ಸ್ಟ್ರಾ ರಾಕೆಟ್. ಕಾಗದದ ಪಟ್ಟಿಯನ್ನು ಪೆನ್ಸಿಲಿಗೆ ಸುತ್ತಿ ಟೇಪ್ ಅಂಟಿಸಿ, ಒಂದು ತುದಿ ಮಡಚಿ ಮುಚ್ಚಿ, ಇನ್ನೊಂದು ತುದಿಗೆ ರೆಕ್ಕೆ ಹಚ್ಚಿದರೆ ಆಯಿತು. ತಂಪು ಪಾನೀಯದ ಸ್ಟ್ರಾಗೆ ಸಿಕ್ಕಿಸಿ ಊದಬೇಕು. ತಲೆಗೆ ಒಂದು ರೂಪಾಯಿಯೂ ಬೀಳುವುದಿಲ್ಲ. ನನ್ನ ಮೊದಲ ಅಳತೆಗೋಲಿನಲ್ಲಿ ಇದನ್ನು ಮೀರಿಸುವುದು ಯಾವುದೂ ಇಲ್ಲ. ಒಂದು ಗಂಟೆಯಲ್ಲಿ ಒಂದು ಮಗು ಬೇಕಾದಷ್ಟು ಸಲ ಹಾರಿಸಬಹುದು. ರೆಕ್ಕೆ ಕಿತ್ತು ನೋಡಬಹುದು, ರಾಕೆಟ್ ತಲೆಕೆಳಗಾಗಿ ಹೊರಳುತ್ತದೆ. ಮೂತಿಗೆ ಚೂರು ಜೇಡಿಮಣ್ಣು ಮೆತ್ತಿ ನೋಡಬಹುದು, ನೆಟ್ಟಗೆ ಹೋಗುತ್ತದೆ. ಭಾರ ಮುಂದೆ ಇರಬೇಕು, ಗಾಳಿ ಹಿಡಿಯುವ ರೆಕ್ಕೆ ಹಿಂದೆ ಇರಬೇಕು. ದೀಪಾವಳಿ ರಾಕೆಟ್ಟಿಗೆ ಉದ್ದನೆ ಕಡ್ಡಿ ಯಾಕೆ ಕಟ್ಟಿರುತ್ತಾರೆ ಅಂತ ಕೇಳಿದರೆ ಈಗ ಮಕ್ಕಳೇ ಹೇಳುತ್ತಾರೆ.

ಬೇರೆ ಬೇರೆ ಕೋನದಲ್ಲಿ ಊದಿ ದೂರ ಅಳೆದಾಗ ಒಂದು ತಮಾಷೆ ನಡೆಯುತ್ತದೆ. ಪುಸ್ತಕ ಓದಿದ ಮಕ್ಕಳು 45 ಡಿಗ್ರಿಗೇ ಜಾಸ್ತಿ ದೂರ ಅಂತ ಅಳೆಯುವ ಮೊದಲೇ ಬರೆದಿಟ್ಟಿರುತ್ತಾರೆ. ಹಗುರ ಕಾಗದಕ್ಕೆ ಗಾಳಿಯ ತಡೆ ಇದೆ, ಊದುವುದು ನೆಲದಿಂದಲ್ಲ, ಬಾಯಿಯ ಎತ್ತರದಿಂದ. ಹಾಗಾಗಿ ಅದಕ್ಕಿಂತ ಕಮ್ಮಿ ಕೋನದಲ್ಲೇ ಜಾಸ್ತಿ ದೂರ ಸಿಗಬಹುದು. ಅಳೆದದ್ದನ್ನೇ ಬರೆಯಲಿ, ಪುಸ್ತಕದ್ದನ್ನಲ್ಲ. ಇದರಲ್ಲಿ ಎಚ್ಚರಿಕೆ ಎರಡೇ. ಒಬ್ಬರ ಸ್ಟ್ರಾ ಒಬ್ಬರು ಬಳಸಬಾರದು, ಮುಖಕ್ಕೆ ಗುರಿ ಇಡಬಾರದು.

ಪುಗ್ಗದ ರಾಕೆಟ್ ನಿಮಗೆ ಗೊತ್ತೇ ಇದೆ. ದಾರಕ್ಕೆ ಸ್ಟ್ರಾ ಪೋಣಿಸಿ, ಅದಕ್ಕೆ ಊದಿದ ಪುಗ್ಗ ಅಂಟಿಸಿ ಬಿಡುವುದು. ಗಾಳಿ ಹಿಂದೆ, ಪುಗ್ಗ ಮುಂದೆ. ಐದಾರು ವರ್ಷದವರಿಗೆ ಒಳ್ಳೆಯದು, ದೊಡ್ಡವರಿಗೆ ಬೇಗ ಸಾಕಾಗುತ್ತದೆ. ಇನೋ ರಾಕೆಟ್ ಕೂಡ ಹಾಗೇ. ಮುಚ್ಚಳ ಒಳಗೆ ಬಿಗಿಯಾಗಿ ಕೂರುವ ಸಣ್ಣ ಡಬ್ಬಿಯಲ್ಲಿ ಸ್ವಲ್ಪ ನೀರು, ಒಂದಿಷ್ಟು ಇನೋ ಹಾಕಿ, ಮುಚ್ಚಿ, ಬೋರಲು ಇಟ್ಟು ದೂರ ಓಡಬೇಕು. ಸೋಡಾ ಮತ್ತು ಹುಳಿ ಸೇರಿ ಅನಿಲ ಹುಟ್ಟಿ ಡಬ್ಬಿ ಟಪ್ ಅಂತ ಹಾರುತ್ತದೆ. ರಸಾಯನ ಪಾಠಕ್ಕೆ ಚೆನ್ನಾಗಿದೆ. ಹಾರಲಿಲ್ಲ ಅಂತ ಬಗ್ಗಿ ನೋಡುವ ಮಗು ಪ್ರತಿ ತರಗತಿಯಲ್ಲೂ ಇರುತ್ತದೆ, ಅದಕ್ಕೇ ಕಣ್ಣಿಗೆ ಕನ್ನಡಕ ಕಡ್ಡಾಯ.

ಇನ್ನು ನಿಜವಾದ ಪೈಪೋಟಿ ಎರಡರ ನಡುವೆ: ತುಳಿಯುವ ರಾಕೆಟ್, ನೀರಿನ ಬಾಟಲಿ ರಾಕೆಟ್.

ತುಳಿಯುವ ರಾಕೆಟ್ಟಿಗೆ ಹಾರ್ಡ್‌ವೇರ್ ಅಂಗಡಿಯ ಅರ್ಧ ಇಂಚು ಪಿವಿಸಿ ಪೈಪು, ಒಂದು ಎಲ್ಬೋ, ಖಾಲಿ ಎರಡು ಲೀಟರ್ ಬಾಟಲಿ ಬೇಕು. ಪೈಪಿನ ಒಂದು ತುದಿಗೆ ಬಾಟಲಿ ಗಾಳಿ ಸೋರದ ಹಾಗೆ ಬಿಗಿದು ನೆಲದ ಮೇಲೆ ಮಲಗಿಸುತ್ತಾರೆ, ಇನ್ನೊಂದು ತುದಿ ಮೇಲಕ್ಕೆ. ಅದಕ್ಕೆ ಕಾಗದದ ರಾಕೆಟ್ ತೊಡಿಸಿ ಬಾಟಲಿಯ ಮೇಲೆ ಜಿಗಿದರೆ ರಾಕೆಟ್ ಹಾರಿತು. ಒಂದು ಸಲ ಇನ್ನೂರು-ಮುನ್ನೂರು ರೂಪಾಯಿ ಹಾಕಿದರೆ ಇಡೀ ಶಾಲೆಗೆ ವರ್ಷಗಟ್ಟಲೆ ಬರುತ್ತದೆ. ಬಾಟಲಿ ಒಡೆದರೆ ಇನ್ನೊಂದು. ಒತ್ತಡ ಒಳಗೆ ತುಂಬಿ ಕೂರುವುದಿಲ್ಲವಾದ್ದರಿಂದ ಅಪಾಯ ಕಮ್ಮಿ. ಪ್ರತಿ ಮಗುವೂ ತನ್ನದೇ ರಾಕೆಟ್ ಮಾಡಿ ತಾನೇ ಜಿಗಿಯುತ್ತದೆ.

ನೀರಿನ ರಾಕೆಟ್ ನೋಡಲು ಗಮ್ಮತ್ತು. ಮೂರು ಮಹಡಿ ಮನೆಯನ್ನು ದಾಟಿ ಹೋಗುತ್ತದೆ, ಊರಿನ ಅರ್ಧ ಜನ ಸೇರುತ್ತಾರೆ. ಬಾಟಲಿಯ ಮೂರನೇ ಒಂದು ಭಾಗ ನೀರು, ಬಾಯಿಗೆ ರಬ್ಬರ್ ಬಿರಡೆ, ಬಿರಡೆಯ ಒಳಗಿಂದ ಫುಟ್‌ಬಾಲಿಗೆ ಗಾಳಿ ತುಂಬುವ ಸೂಜಿ, ಅದಕ್ಕೆ ಸೈಕಲ್ ಪಂಪು. ಬಾಟಲಿ ಬೋರಲಾಗಿ ನಿಲ್ಲಲು ಒಂದು ಕಟ್ಟೋಣ. ಗಾಳಿ ತುಂಬುತ್ತ ಹೋದರೆ ಬಿರಡೆ ಕಿತ್ತುಕೊಂಡು, ನೀರು ಕೆಳಗೆ ಚಿಮ್ಮಿ, ಬಾಟಲಿ ಮೇಲೆ ಹೋಗುತ್ತದೆ. ನೀರಿಲ್ಲದೆ ಒಮ್ಮೆ, ಪೂರ್ತಿ ತುಂಬಿ ಒಮ್ಮೆ, ಮೂರರಲ್ಲಿ ಒಂದು ಪಾಲು ಹಾಕಿ ಒಮ್ಮೆ ಹಾರಿಸಿ ನೋಡಿದರೆ ರಾಕೆಟ್ಟಿಗೆ ಹೊರಗೆ ಎಸೆಯಲು ಭಾರವೂ ಬೇಕು, ಎಸೆಯುವ ಒತ್ತಡವೂ ಬೇಕು ಅನ್ನುವುದು ಚೆನ್ನಾಗಿ ತಿಳಿಯುತ್ತದೆ. ಇದನ್ನು ಬೇರೆ ಯಾವ ಆಟವೂ ಇಷ್ಟು ಚೆನ್ನಾಗಿ ಹೇಳುವುದಿಲ್ಲ. ಚಂದ್ರಯಾನ-3 ಹೊತ್ತ ಎಲ್‌ವಿಎಂ-3 ರಾಕೆಟ್ ಸುಮಾರು 640 ಟನ್ ಇತ್ತು, ಚಂದ್ರನ ಕಡೆ ಹೊರಟ ನೌಕೆ 3.9 ಟನ್. ಉಳಿದದ್ದರಲ್ಲಿ ಬಹುಪಾಲು ಎಸೆಯುವುದಕ್ಕೇ ತುಂಬಿದ್ದು.

ಆದರೆ ಇದು ದೊಡ್ಡವರ ಕೈಯ ಆಟ. ಸೋಡಾ, ಕೋಲಾ ತುಂಬಿ ಬರುವ ಬಾಟಲಿಯನ್ನೇ ಬಳಸಬೇಕು, ಅದನ್ನು ಒತ್ತಡ ತಡೆಯಲೆಂದೇ ಮಾಡಿರುತ್ತಾರೆ. ತೆಳ್ಳನೆ ನೀರಿನ ಬಾಟಲಿ ಸೀಳುತ್ತದೆ. ಗೀರು ಬಿದ್ದದ್ದು, ಬಿಸಿಲಲ್ಲಿ ಬಿದ್ದು ಮೆತ್ತಗಾದದ್ದು ಬೇಡ. ಬಿರಡೆಯನ್ನು ಅಂಟು ಹಾಕಿ ಬಿಗಿಯಬಾರದು, ಅದು ಕಿತ್ತು ಬರಲೇಬೇಕು. ಪಂಪು ಹೊಡೆಯುವವರಿಗೆ ಉದ್ದ ಪೈಪು ಇರಬೇಕು, ಮಕ್ಕಳು ಹತ್ತು ಹೆಜ್ಜೆ ಆಚೆ. ಹಾರದೆ ನಿಂತ ಬಾಟಲಿಯ ಹತ್ತಿರ ಗಾಳಿ ಬಿಡುವವರೆಗೆ ಯಾರೂ ಹೋಗಬಾರದು. ಇಷ್ಟೆಲ್ಲ ನೋಡಿಕೊಂಡರೆ ಒಂದು ಮಧ್ಯಾಹ್ನಕ್ಕೆ ಪ್ರತಿ ಮಗುವಿಗೆ ಒಂದು ಸರದಿ ಸಿಕ್ಕರೆ ಹೆಚ್ಚು. ಹಾಗಾಗಿ ವಾರದ ತರಗತಿಗೆ ತುಳಿಯುವ ರಾಕೆಟ್, ಆಗಸ್ಟ್ 23ರ ಬಾಹ್ಯಾಕಾಶ ದಿನಕ್ಕೆ ನೀರಿನ ರಾಕೆಟ್ ಅನ್ನುವುದು ನನ್ನ ಅಭಿಪ್ರಾಯ. ಆ ದಿನ ಗಾಳಿ ಜೋರಿದ್ದರೆ ಮುಂದಕ್ಕೆ ಹಾಕಿ. ನಿಜವಾದ ರಾಕೆಟ್ಟನ್ನೂ ಹಾಕುತ್ತಾರೆ.

ಆನ್‌ಲೈನ್ ಕಿಟ್ಟುಗಳಲ್ಲಿ ಮೇಲೆ ಹೇಳಿದ ವಸ್ತುಗಳೇ ಚೆಂದದ ಡಬ್ಬಿಯಲ್ಲಿ ಬರುತ್ತವೆ. ಪಂಚರ್ ಅಂಗಡಿ, ಹಾರ್ಡ್‌ವೇರ್ ಅಂಗಡಿ ಅಲೆಯಲು ಹೊತ್ತಿಲ್ಲದವರು ಕೊಳ್ಳಿ, ತಪ್ಪೇನಿಲ್ಲ. ಆದರೆ ಮದ್ದು ತುಂಬುವ, ಬೆಂಕಿಕಡ್ಡಿಯ ಮದ್ದು ಕೆರೆದು ಮಾಡುವ, ಸಕ್ಕರೆ ಕಾಯಿಸಿ ಇಂಧನ ಮಾಡುವ ವಿಡಿಯೊಗಳ ತಂಟೆಗೆ ಹೋಗಬೇಡಿ. ಪಟಾಕಿ ಬಿಚ್ಚುವುದೂ ಬೇಡ. ಬೆರಳು, ಕಣ್ಣು ಹೋಗುತ್ತವೆ, ಸ್ಫೋಟಕದ ಕಾನೂನೂ ಮೈಮೇಲೆ ಬರುತ್ತದೆ.

ಶ್ರೀಹರಿಕೋಟಾ, ಕಲಬುರಗಿ, ಬೆಂಗಳೂರು

ಉಡಾವಣೆಯನ್ನು ಕಣ್ಣಾರೆ ನೋಡುವ ಅನುಭವಕ್ಕೆ ಸಾಟಿ ಇಲ್ಲ, ಒಪ್ಪುತ್ತೇನೆ. ಶ್ರೀಹರಿಕೋಟಾದಲ್ಲಿ ಜನರಿಗಾಗಿಯೇ ಗ್ಯಾಲರಿ ಇದೆ, ಮೊದಲೇ ಆನ್‌ಲೈನ್‌ನಲ್ಲಿ ಹೆಸರು ನೋಂದಾಯಿಸಬೇಕು, ಜಾಗ ಬೇಗ ತುಂಬುತ್ತದೆ. ರಾಯಚೂರು, ಬಳ್ಳಾರಿಯವರಿಗೆ ಗುಂತಕಲ್ ಮೇಲೆ ರೇಣಿಗುಂಟಕ್ಕೆ ರೈಲಿದೆ, ಅಲ್ಲಿಂದ ಗೂಡೂರು, ಸೂಳ್ಳೂರುಪೇಟೆ. ನಾಲ್ಕು ಜನರ ಸಂಸಾರಕ್ಕೆ ಹೋಗಿ, ಉಳಿದು, ಬರುವಷ್ಟರಲ್ಲಿ ಒಂದು ಒಳ್ಳೆ ಬೈನಾಕ್ಯುಲರಿನ ದುಡ್ಡು ಖರ್ಚಾಗುತ್ತದೆ. ಉಡಾವಣೆ ಮುಂದಕ್ಕೆ ಹೋದರೆ ಅಷ್ಟೂ ಹೋಯಿತು. 2019ರ ಜುಲೈ 15ರ ಬೆಳಗಿನ ಜಾವ ಚಂದ್ರಯಾನ-2 ಹಾರಬೇಕಿತ್ತು, 56 ನಿಮಿಷ ಇರುವಾಗ ನಿಲ್ಲಿಸಿದರು. ಹಾರಿದ್ದು ಜುಲೈ 22ಕ್ಕೆ. ರಜೆ ಹಾಕಿ ಹೋದವರ ಪಾಡು ಯೋಚಿಸಿ. ಆ ಕಡೆ ತಿರುಪತಿ ಯಾತ್ರೆ ಹೇಗೂ ಇದೆ ಅನ್ನುವವರು ದಿನಾಂಕ ಹೊಂದಿಸಿಕೊಂಡರೆ ಜಾಣತನ. ಹಾರದಿದ್ದರೂ ತಿಮ್ಮಪ್ಪನ ದರ್ಶನ ಆಗಿರುತ್ತದೆ.

ಶಾಲೆಯ ಪ್ರವಾಸಕ್ಕೆ ರಾಯಚೂರಿನವರಿಗೆ ಕಲಬುರಗಿಯ ಜಿಲ್ಲಾ ವಿಜ್ಞಾನ ಕೇಂದ್ರ ಹತ್ತಿರ, ಬೆಳಿಗ್ಗೆ ಹೋಗಿ ಸಂಜೆ ಬರಬಹುದು. ಬಳ್ಳಾರಿ, ಕೊಪ್ಪಳದವರು ರಾತ್ರಿ ರೈಲಿಗೆ ಬೆಂಗಳೂರಿಗೆ ಹೋದರೆ ಜವಾಹರಲಾಲ್ ನೆಹರು ತಾರಾಲಯ, ವಿಶ್ವೇಶ್ವರಯ್ಯ ಮ್ಯೂಸಿಯಂ ಎರಡೂ ಒಂದೇ ದಿನಕ್ಕೆ ಆಗುತ್ತವೆ. ಇವು ಮೇಲಿನ ಆಟಗಳನ್ನು ಮಾಡಿದ ಮೇಲೆ ಹೋಗುವ ಜಾಗಗಳು. ಮೊದಲೇ ಹೋದರೆ ಮಕ್ಕಳು ಲಿಫ್ಟು, ಕ್ಯಾಂಟೀನು ನೆನಪಿಟ್ಟುಕೊಳ್ಳುತ್ತಾರೆ.

ನಿಮ್ಮ ಪರಿಸ್ಥಿತಿಗೆ ಯಾವುದು

ಮನೆಯಲ್ಲಿ ಒಂದೇ ಮಗು, ವಯಸ್ಸು ಎಂಟರೊಳಗೆ: ಪರಾತದ ಕುಳಿ, ಪುಗ್ಗ, ಸ್ಟ್ರಾ. ನೂರು ರೂಪಾಯಿ ದಾಟುವುದಿಲ್ಲ.

ಒಂಬತ್ತರಿಂದ ಹನ್ನೆರಡು ಆಗಿದ್ದರೆ ಬೇಸಿಗೆ ರಜೆಯಲ್ಲಿ ಮಾಳಿಗೆ ಮೇಲೆ ತಿಂಗಳ ನೋಟ್‌ಬುಕ್ ಶುರು ಮಾಡಿ, ಅಮಾವಾಸ್ಯೆ ಕಳೆದ ಬಿದಿಗೆಯಿಂದ. ಕಾರ ಹುಣ್ಣಿಮೆವರೆಗೂ ಬಿಡದೆ ಬರೆದರೆ ಬೈನಾಕ್ಯುಲರ್ ಕೊಡಿಸಿ. ಬರೆಯದಿದ್ದರೆ ದುಡ್ಡು ಉಳಿಯಿತು, ಆ ಮಗುವಿಗೆ ತುಳಿಯುವ ರಾಕೆಟ್ ಇಷ್ಟವಾಗಬಹುದು. ಎಲ್ಲರಿಗೂ ಚಂದ್ರನೇ ಹಿಡಿಸಬೇಕು ಅಂತೇನಿಲ್ಲ.

ಹೈಸ್ಕೂಲಿನ ಹುಡುಗಿಗೆ ನಿಜಕ್ಕೂ ಹುಚ್ಚು ಹಿಡಿದಿದೆ, ಹತ್ತು ಸಾವಿರ ಕೈಯಲ್ಲಿದೆ ಅಂದರೆ ಟೆಲಿಸ್ಕೋಪ್ ಸರಿ. ಅವಸರ ಬೇಡ. 2028ರ ಡಿಸೆಂಬರ್ 31ರ ರಾತ್ರಿ ನಮ್ಮ ಮಾಳಿಗೆಯಿಂದಲೇ ಕಾಣುವ ಪೂರ್ತಿ ಚಂದ್ರಗ್ರಹಣ ಇದೆ. ಅದಕ್ಕಿಂತ ಒಂದು ಚಳಿಗಾಲ ಮೊದಲು ತಂದರೆ ಕೈ ಪಳಗಿರುತ್ತದೆ.

ದುಡ್ಡಿಲ್ಲದ ಶಾಲೆಗೆ ಹಗಲು ಚಂದ್ರ ಮತ್ತು ಚೆಂಡು, ಫುಟ್‌ಬಾಲಿನ ದೂರ, ಸ್ಟ್ರಾ ರಾಕೆಟ್. ಶಾಲಾಭಿವೃದ್ಧಿ ಸಮಿತಿ, ಅಂದರೆ ಎಸ್‌ಡಿಎಂಸಿಯವರು ಸಾವಿರ ರೂಪಾಯಿ ಕೊಟ್ಟರೆ ತುಳಿಯುವ ರಾಕೆಟ್ ಎರಡು ಮಾಡಿಸಿ, ಒಂದಕ್ಕೆ ಸಾಲು ಉದ್ದವಾಗುತ್ತದೆ. ಐದು ಸಾವಿರ ಬಂದರೆ ಆಗಲೂ ಟೆಲಿಸ್ಕೋಪ್ ಬೇಡ, ಬೈನಾಕ್ಯುಲರ್ ತಂದು ಶುಕ್ರವಾರ ಸಂಜೆ ಒಬ್ಬ ಮಗುವಿನ ಮನೆಗೆ, ಮುಂದಿನ ವಾರ ಇನ್ನೊಬ್ಬರ ಮನೆಗೆ ಕಳಿಸಿ. ಹಗಲಲ್ಲಿ ದೊಡ್ಡವರ ಹತ್ತಿರವೇ ಇರಲಿ ಅಂತ ಒಂದು ಚೀಟಿ ಬರೆದಿಡಿ. ಒಡೆಯುವ ಭಯ ಇದ್ದೇ ಇದೆ. ಬೀರುವಿನಲ್ಲಿ ಬೂಸ್ಟು ಹಿಡಿಯುವುದಕ್ಕಿಂತ ವಾಸಿ.

ವಿಜ್ಞಾನ ವಸ್ತುಪ್ರದರ್ಶನಕ್ಕೆ ಏನು ಇಡಲಿ ಅಂತ ಕೇಳುವವರೂ ಇದ್ದಾರೆ. ಥರ್ಮಾಕೋಲಿನ ಚಂದ್ರಯಾನ ಪ್ರತಿ ಶಾಲೆಯ ಮೇಜಿನ ಮೇಲೂ ಇರುತ್ತದೆ, ಹೆಚ್ಚಿನವು ಅಂಗಡಿಯಲ್ಲಿ ಮಾಡಿಸಿದವು. ನೀವು ರೆಕ್ಕೆ ಇಲ್ಲದ ಒಂದು, ಎರಡು ರೆಕ್ಕೆಯ ಒಂದು, ನಾಲ್ಕು ರೆಕ್ಕೆಯ ಒಂದು ಕಾಗದದ ರಾಕೆಟ್ ಇಡಿ. ಪಕ್ಕದಲ್ಲಿ ಪ್ರತಿಯೊಂದೂ ಎಷ್ಟೆಷ್ಟು ದೂರ ಹೋಯಿತು ಅಂತ ಮಕ್ಕಳೇ ಬರೆದ ಪಟ್ಟಿ. ಒಂದು ಡಬ್ಬಿ ತುಂಬ ಹೊಸ ಸ್ಟ್ರಾ ಇಟ್ಟುಕೊಳ್ಳಿ, ತೀರ್ಪುಗಾರರ ಕೈಗೂ ಒಂದು ಕೊಟ್ಟು ಊದಲು ಹೇಳಿ.